ಚಿಕ್ಕ ಅಲೆಯ ದೊಡ್ಡ ಪಯಣ

ಮಕ್ಕಳೇ, ಹಳೆಯ ರೇಡಿಯೋದ ಮೇಲೆ ‘ಎಸ್.ಡಬ್ಲ್ಯು.’ ಎಂಬ ಅಕ್ಷರಗಳನ್ನು ನೋಡಿದ್ದೀರಾ? ಅದು ಷಾರ್ಟ್‌ವೇವ್, ಅಂದರೆ ಹ್ರಸ್ವ ತರಂಗ. ಅಲ್ಲಿ ಮುಳ್ಳು ತಿರುಗಿಸುತ್ತ ನಿಮ್ಮ ಅಜ್ಜ ಅಜ್ಜಿಯ ಕಾಲದವರು ಸಿಲೋನಿನ ಹಾಡು, ಲಂಡನ್ನಿನ ವಾರ್ತೆ ಕೇಳುತ್ತಿದ್ದರು. ಅಷ್ಟು ದೂರದ ದನಿ ತಂತಿಯಿಲ್ಲದೆ ಬಂದದ್ದು ಹೇಗೆ? ಇದಕ್ಕಾಗಿ ದುಡಿದವರಲ್ಲಿ ಪ್ರಮುಖರು ಗುಗ್ಲಿಯೆಲ್ಮೋ ಮಾರ್ಕೋನಿ.

ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೋನ್ಯದಲ್ಲಿ. ಹರ್ಟ್ಸ್ ಎಂಬ ವಿಜ್ಞಾನಿಯ ಪ್ರಯೋಗಗಳ ಬಗ್ಗೆ ಓದಿ, ಮನೆಯಲ್ಲೇ ಉಪಕರಣ ಜೋಡಿಸಿದರು. 1895ರಲ್ಲಿ ಅವರ ಸಂಕೇತ ಮನೆಯ ಬಳಿಯ ಗುಡ್ಡ ದಾಟಿತು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನಿಂದ ಹೊರಟ ಸಂಕೇತವನ್ನು, ಸುಮಾರು 3,400 ಕಿ.ಮೀ. ದೂರದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದ್ದಾಗಿ ಪ್ರಕಟಿಸಿದರು. ಅಲ್ಲಿ ಆಂಟೆನಾ ತಂತಿಯನ್ನು ಮೇಲೆತ್ತಿದ್ದು ಒಂದು ಗಾಳಿಪಟ! 1909ರಲ್ಲಿ ಅವರಿಗೆ ಬ್ರೌನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು.

ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗದೂರ. ಬಹು ದೂರ ಹೋಗಲು ಉದ್ದನೆಯ ಅಲೆಗಳೇ ಬೇಕು ಎಂದು ಆಗ ಎಲ್ಲರೂ ನಂಬಿದ್ದರು. ಮಾರ್ಕೋನಿಯವರೂ ಅದನ್ನೇ ನಂಬಿ, ಅಪಾರ ಹಣ ಸುರಿದು ಭಾರಿ ಕಂಬಗಳ ಕೇಂದ್ರಗಳನ್ನು ಕಟ್ಟಿಸಿದರು. ಚಿಕ್ಕ ಅಲೆಗಳು ಕೆಲಸಕ್ಕೆ ಬಾರದವು ಎಂದು ಅವುಗಳನ್ನು ಹವ್ಯಾಸಿಗಳಿಗೆ ಬಿಟ್ಟಿದ್ದರು.

1923ರಲ್ಲಿ ಮಾರ್ಕೋನಿ ‘ಎಲೆಟ್ರಾ’ ಎಂಬ ತಮ್ಮ ಹಡಗಿನಲ್ಲಿ ಪರೀಕ್ಷೆಗೆ ಹೊರಟರು. ಇಂಗ್ಲೆಂಡಿನಿಂದ ಬಿಟ್ಟ 97 ಮೀಟರ್ ತರಂಗದೂರದ ಸಂಕೇತ, 4,000 ಕಿ.ಮೀ.ಗೂ ದೂರದ ಕೇಪ್ ವರ್ಡೆ ದ್ವೀಪಗಳ ಬಳಿ ಚೆನ್ನಾಗಿ ಕೇಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಹವ್ಯಾಸಿಗಳೂ ಚಿಕ್ಕ ಅಲೆಗಳಲ್ಲಿ ಅಟ್ಲಾಂಟಿಕ್ ಸಾಗರದಾಚೆ ಮಾತುಕತೆ ನಡೆಸಿದರು. 1924ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮನುಷ್ಯ ದನಿ ಆಸ್ಟ್ರೇಲಿಯಾ ತಲುಪಿತು. ತಾವು ಹಿಡಿದ ದಾರಿ ಸರಿಯಿರಲಿಲ್ಲ ಎಂದು ಮಾರ್ಕೋನಿ ಒಪ್ಪಿಕೊಂಡರು. ನೊಬೆಲ್ ಪಡೆದವರು ತಪ್ಪು ತಿದ್ದಿಕೊಳ್ಳುವುದು ಸಣ್ಣ ಮಾತೇ? 1927ರಲ್ಲಿ ಇಂಗ್ಲೆಂಡ್ ಮತ್ತು ಭಾರತದ ನಡುವೆಯೂ ಹ್ರಸ್ವ ತರಂಗ ಸಂಪರ್ಕ ಆರಂಭವಾಯಿತು.

ಭೂಮಿ ಗುಂಡಗಿದೆ, ಅಲೆ ನೇರ ಹೋಗುತ್ತದೆ. ಹಾಗಾದರೆ ಅದು ಬಾಗಿದ್ದು ಹೇಗೆ? ನಮ್ಮ ತಲೆಯ ಮೇಲೆ ನೂರಾರು ಕಿ.ಮೀ. ಎತ್ತರದವರೆಗೆ ಅಯಾನುಮಂಡಲವಿದೆ. ಸೂರ್ಯನ ಕಿರಣಗಳಿಂದ ಅಲ್ಲಿನ ಅನಿಲಗಳು ವಿದ್ಯುದಾವೇಶ ಪಡೆದಿರುತ್ತವೆ. ಅದು ಹ್ರಸ್ವ ತರಂಗವನ್ನು ಭೂಮಿಯತ್ತ ಬಾಗಿಸುತ್ತದೆ. ಅಲೆ ಪುಟಿಯುವ ಚೆಂಡಿನಂತೆ ಆಕಾಶಕ್ಕೂ ನೆಲಕ್ಕೂ ನೆಗೆಯುತ್ತ ಸಾಗುತ್ತದೆ. 1924ರಲ್ಲಿ ಆಪಲ್ಟನ್ ಎಂಬ ವಿಜ್ಞಾನಿ ಇಂಥ ಪದರ ಇರುವುದನ್ನು ಪ್ರಯೋಗದಿಂದ ತೋರಿಸಿದರು.

1937ರ ಜುಲೈ 20ರಂದು ಮಾರ್ಕೋನಿ ರೋಮ್‌ನಲ್ಲಿ ತೀರಿಕೊಂಡರು. ಅವರ ಗೌರವಾರ್ಥ ಬ್ರಿಟನ್ನಿನ ರೇಡಿಯೋ ಕೇಂದ್ರಗಳು ಎರಡು ನಿಮಿಷ ಮೌನವಾದವು.

ಮಾಡಿ ನೋಡಿ: ತಮ್ಮ ಸಂಕೇತ ಹಗಲಿಗಿಂತ ರಾತ್ರಿ ಹೆಚ್ಚು ದೂರ ಬರುವುದನ್ನು ಮಾರ್ಕೋನಿ 1902ರಲ್ಲೇ ಹಡಗಿನಲ್ಲಿ ಗಮನಿಸಿದ್ದರು. ನೀವೂ ಪರೀಕ್ಷಿಸಿ. ರೇಡಿಯೋದ ಮಧ್ಯಮ ತರಂಗದಲ್ಲಿ ಮಧ್ಯಾಹ್ನ ಎಷ್ಟು ಕೇಂದ್ರಗಳು ಕೇಳಿಸುತ್ತವೆ, ರಾತ್ರಿ ಎಷ್ಟು? ಒಂದು ವಾರ ಬರೆದಿಟ್ಟು, ತರಗತಿಯಲ್ಲಿ ಹೋಲಿಸಿ.