ವಿಲಿಯಂ ಜೇಮ್ಸ್: ವಿದ್ಯಾರ್ಥಿದೆಸೆಯ ಸಂದೇಹಗಳು

ಕನ್ನಡ ನವ್ಯ ಕಾದಂಬರಿಯ ವಿಮರ್ಶೆಯಲ್ಲಿ ರೂಢವಾಗಿರುವ ‘ಪ್ರಜ್ಞಾಪ್ರವಾಹ’ ಎಂಬ ಪರಿಕಲ್ಪನೆಗೆ ಪ್ರಚಾರ ತಂದವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ (1842-1910). ಅವರ ವ್ಯಾಸಂಗವು ಉದ್ದಕ್ಕೂ ಸಂದೇಹಗ್ರಸ್ತವಾಗಿತ್ತೆಂಬುದು ಗಮನಾರ್ಹ. ಚಿತ್ರಕಲೆಯನ್ನು ತೊರೆದು 1861ರಲ್ಲಿ ಹಾರ್ವರ್ಡ್ ಸೇರಿ ರಸಾಯನಶಾಸ್ತ್ರ ಓದಿದ ಅವರು 1864ರಲ್ಲಿ ವೈದ್ಯಕೀಯಕ್ಕೆ ಹೊರಳಿದರು. ಮರುವರ್ಷ ಜೀವವಿಜ್ಞಾನಿ ಅಗಾಸಿ ಅವರ ತಂಡದೊಡನೆ ಬ್ರೆಜಿಲಿಗೆ ತೆರಳಿ, ಜೀವಿಗಳ ಸಂಗ್ರಹಕಾರ್ಯ ತಮಗೆ ಒಗ್ಗದೆಂದು ಮನಗಂಡು ಮರಳಿದರು. ಬೆನ್ನುನೋವು, ಖಿನ್ನತೆಗಳಿಂದ ಓದು ಮತ್ತೆ ನಿಂತಿತು. 1867ರಿಂದ ಸುಮಾರು ಒಂದೂವರೆ ವರ್ಷ ಯುರೋಪಿನಲ್ಲಿ ಕಳೆದರು. 1869ರಲ್ಲಿ ವೈದ್ಯಪದವಿ ದೊರೆತರೂ ವೃತ್ತಿ ಕೈಗೊಳ್ಳಲಿಲ್ಲ. ಪದವಿಯ ಅನಂತರ ನಿರಾಶೆ ಇನ್ನಷ್ಟು ತೀವ್ರವಾಯಿತು.

1870ರ ಏಪ್ರಿಲ್‌ನಲ್ಲಿ ಫ್ರೆಂಚ್ ತತ್ತ್ವಜ್ಞ ರೆನುವಿಯೆ ಅವರ ಬರಹದ ಪ್ರಭಾವದಿಂದ, ಇಚ್ಛಾಸ್ವಾತಂತ್ರ್ಯವನ್ನು ನಂಬಿ ನಡೆಯಲು ನಿಶ್ಚಯಿಸಿದರು. ಆದರೂ ಚೇತರಿಕೆ ನಿಧಾನವಾಗಿಯೇ ಬಂದಿತು. 1873ರಲ್ಲಿ ಹಾರ್ವರ್ಡಿನಲ್ಲಿ ಆರಂಭಿಸಿದ ಶರೀರಕ್ರಿಯಾಶಾಸ್ತ್ರದ ಬೋಧನೆ, ಅದರ ನಿಯತ ಕೆಲಸ ಅವರಿಗೆ ಆಧಾರವಾಯಿತು. 1878ರಲ್ಲಿ ಬರೆಯಲೊಪ್ಪಿದ ಮನಶ್ಶಾಸ್ತ್ರದ ಬೃಹದ್ಗ್ರಂಥ ಹನ್ನೆರಡು ವರ್ಷಗಳ ತರುವಾಯ, 1890ರಲ್ಲಿ ಪ್ರಕಟವಾಯಿತು. ಅಭ್ಯಾಸ ಮತ್ತು ಇಚ್ಛೆಗಳನ್ನು ಕುರಿತ ಅದರ ಅಧ್ಯಾಯಗಳ ಹಿಂದೆ ಈ ಅನುಭವವಿದೆ.

ವ್ಯಾಸಂಗವನ್ನು ಮುಂದುವರಿಸಬೇಕೆ, ಬಿಡಬೇಕೆ ಎಂಬ ಪ್ರಶ್ನೆಗೆ ಈ ಜೀವನವು ಸಿದ್ಧ ಉತ್ತರವನ್ನು ನೀಡುವುದಿಲ್ಲ. ಜೇಮ್ಸ್ ವೈದ್ಯವೃತ್ತಿಯನ್ನು ಬಿಟ್ಟರು. ಅದಕ್ಕಾಗಿ ಕಲಿತ ಶರೀರಜ್ಞಾನದ ಮೇಲೆಯೇ ತಮ್ಮ ಮನಶ್ಶಾಸ್ತ್ರವನ್ನು ಕಟ್ಟಿದರು.