ಹಾಡಬಾರದಿದ್ದ ವರ್ಷಗಳು

ನಮ್ಮ ಸೀಮೆಯು ಹಿಂದುಸ್ತಾನಿ ಸಂಗೀತಕ್ಕೆ ಕೊಟ್ಟ ಹೆಸರುಗಳನ್ನು ನಮ್ಮ ಕಾಲೇಜಿನಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ, ಗದಗಿನ ಭೀಮಸೇನ ಜೋಶಿ, ಇವರನ್ನೆಲ್ಲ ನಾವು ಮನೆಯ ಹಿರಿಯರಂತೆ ನೆನೆಯುತ್ತೇವೆ. ಇವರ ಸಾಲಿನಲ್ಲಿಯೇ ಹೇಳುವ ಕುಮಾರ ಗಂಧರ್ವರು ಮಾತ್ರ ಕೊಂಚ ದೂರದವರಂತೆ ತೋರುತ್ತಾರೆ. ಅವರು ಬಾಳಿದ್ದು ಮಾಳವದ ದೇವಾಸದಲ್ಲಿ. ಆದರೆ ಹುಟ್ಟಿದ್ದು 1924ನೆಯ ಏಪ್ರಿಲ್ 8ರಂದು, ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ. ಹೆತ್ತವರು ಇಟ್ಟ ಹೆಸರು ಶಿವಪುತ್ರ, ಮನೆತನ ಕೋಮಕಾಳಿಮಠ. ಅವರ ಕಛೇರಿಗಳನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅವರು ಹಾಡದೆ ಇದ್ದ ವರ್ಷಗಳನ್ನು ಕುರಿತು.

ತಂದೆ ಸಿದ್ಧರಾಮಯ್ಯನವರಿಗೆ ಹಾಡಿನ ಹುಚ್ಚು. ಮಗನಿಗೆ ಇನ್ನೂ ಸರಿಯಾಗಿ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿಯೇ, ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ತೋರಿಸುವ ಶಕ್ತಿ ಬಂದಿತ್ತು. ಅದನ್ನು ಕಂಡು ಬೆರಗಾದ ಒಬ್ಬ ಮಠಾಧಿಪತಿಗಳು ಕುಮಾರ ಗಂಧರ್ವನೆಂಬ ಬಿರುದನ್ನಿತ್ತರು. ಆ ಬಿರುದೇ ಮುಂದೆ ಹೆಸರಾಯಿತು. 1936ರಲ್ಲಿ ಮುಂಬಯಿಯ ಪ್ರೊಫೆಸರ್ ಬಿ. ಆರ್. ದೇವಧರರ ಶಾಲೆ ಸೇರಿದ ಮೇಲೆ ಕ್ರಮವಾದ ಕಲಿಕೆ ಆರಂಭವಾಯಿತು. ಇಪ್ಪತ್ತು ತುಂಬುವಷ್ಟರಲ್ಲಿ ದೇಶದ ಎಲ್ಲೆಡೆಯಿಂದ ಕರೆ. 1947ರಲ್ಲಿ ಅದೇ ಶಾಲೆಯಲ್ಲಿ ಸಂಗೀತ ಕಲಿತ ಭಾನುಮತಿಯವರೊಡನೆ ವಿವಾಹ. ಆಗಲೇ ಕ್ಷಯ ಕಾಲಿಟ್ಟಿತು.

ಆ ಕಾಲದಲ್ಲಿ ಕ್ಷಯವೆಂದರೆ ಏನೆಂಬುದನ್ನು ಇಂದಿನ ನಾವು ಊಹಿಸುವುದು ಕಷ್ಟ. ಅಮೇರಿಕೆಯಲ್ಲಿ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದರೂ ಅದು ನಮ್ಮ ದೇಶದ ರೋಗಿಗಳ ಕೈಗೆ ಸುಲಭವಾಗಿ ಸಿಗುವಂತಿರಲಿಲ್ಲ. ಒಣ ಹವೆ, ಹಾಲು, ವಿಶ್ರಾಂತಿ, ಇವೇ ಚಿಕಿತ್ಸೆ. ನಮ್ಮ ಕಡೆಯ ರೋಗಿಗಳು ಮಿರಜಿನ ಆರೋಗ್ಯಧಾಮಕ್ಕೆ ಹೋಗುತ್ತಿದ್ದರು. ಕುಮಾರರನ್ನು 1948ರ ಜನವರಿಯಲ್ಲಿ ದೇವಾಸಕ್ಕೆ ಕರೆದೊಯ್ದರು. ಹಾಡಿದರೆ ಜೀವಕ್ಕೇ ಅಪಾಯವೆಂದು ವೈದ್ಯರು ಹೇಳಿದರು. ವಯಸ್ಸು ಇಪ್ಪತ್ತಮೂರು, ಆ ಕಂಠದ ಹೊರತು ಬೇರೆ ಬದುಕನ್ನೇ ಅರಿಯದ ಮನುಷ್ಯ. ಭಾನುಮತಿಯವರು ಶಾಲೆಯಲ್ಲಿ ಕೆಲಸ ಮಾಡಿ ಮನೆ ನಡೆಸಿದರು, ಮನೆಗೆ ಬಂದು ಶುಶ್ರೂಷೆ ಮಾಡಿದರು.

ಇದನ್ನು ಓದುವಾಗ ನನಗೆ ನನ್ನ ಅವ್ವನ ನೆನಪಾಗುವುದು ಸಹಜ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಾನು ಪಿ.ಯು.ಸಿ.ಯಲ್ಲಿದ್ದಾಗ ಅವ್ವನಿಗೆ ಇದೇ ರೋಗ ತಗುಲಿತು. ಈಗ ಔಷಧವಿದೆ, ಆರು ತಿಂಗಳು ತಪ್ಪದೆ ಗುಳಿಗೆ ನುಂಗಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಆದರೆ ದಿನಾಲು ಹೊಲಕ್ಕೆ ಹೋಗಿ ಕಳೆ ತೆಗೆಯುತ್ತಿದ್ದವಳಿಗೆ ಸುಮ್ಮನೆ ಮಲಗುವುದು ಕೆಮ್ಮಿಗಿಂತ ಕಠಿಣವಾಯಿತು. ಹಳೆಯ ಸೀರೆ, ಅಪ್ಪನ ಹರಿದ ಧೋತರ, ನನ್ನ ಸಾಲಿಯ ಲಂಗ, ಇವನ್ನು ಕೂಡಿಸಿ ಕೌದಿ ಹೊಲಿಯತೊಡಗಿದಳು. ಮೊದಮೊದಲು ದಿನಕ್ಕೆ ಒಂದು ಗೇಣು. ಕೆಮ್ಮು ಬಂದರೆ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು ಕಾಯುವಳು. ಎಷ್ಟು ಹೊಲಿದಿದ್ದಾಳೆಂಬುದನ್ನು ನೋಡಿಯೇ ಅಂದಿನ ಆರೋಗ್ಯ ನಮಗೆ ತಿಳಿಯುತ್ತಿತ್ತು. ಕೌದಿಯೇ ರೋಗ ಕಳೆಯಿತೆಂದು ಓಣಿಯವರು ಹೇಳಿದರೆ ಅವ್ವ ಈಗಲೂ ನಗುತ್ತಾಳೆ. ರೋಗ ಕಳೆದದ್ದು ಗುಳಿಗೆ. ಕೌದಿ ಕಳೆದದ್ದು ಹಗಲನ್ನು.

ಕುಮಾರರ ಹಗಲುಗಳನ್ನು ಕಳೆದದ್ದು ಕಿವಿ. ಹಾಸಿಗೆಯ ಮೇಲೆ ಮಲಗಿದವರಿಗೆ ಹಕ್ಕಿಯ ದನಿ, ಗಾಳಿಯ ಸದ್ದು, ಬೀದಿಯಲ್ಲಿ ಹಾಡುತ್ತ ಹೋಗುವ ಜೋಗಿಗಳ ನಿರ್ಗುಣ ಪದ, ಮದುವೆ ಮುಂಜಿಗಳಲ್ಲಿ ಹೆಂಗಸರು ಹಾಡುವ ಮಾಳವಿ ಹಾಡು, ಎಲ್ಲವೂ ಕೇಳಿಸುತ್ತಿತ್ತು. ದೇವಾಸದಲ್ಲಿ ಶೀಲನಾಥರ ಧುನಿ ಎಂಬ ನಾಥಪಂಥದ ಸ್ಥಳವೂ ಇದೆ. ಕಬೀರ, ಗೋರಖನಾಥರ ಪದಗಳು ಅಲ್ಲಿ ಹೊಸವಲ್ಲ. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅವರು ತಮ್ಮಷ್ಟಕ್ಕೆ ಗುನುಗಿಕೊಳ್ಳುತ್ತಿದ್ದರಂತೆ. ಜಾನಪದ ಧಾಟಿಗಳನ್ನು ಕೂಡಿಹಾಕಿ ಸ್ವರಲಿಪಿಯಲ್ಲಿ ಬರೆಯುವ ಕೆಲಸಕ್ಕೆ ಮೂಲ ಇಲ್ಲಿಯೇ. ಮೂರು ನಾಲ್ಕು ಸ್ವರಗಳೊಳಗೇ ಮುಗಿದುಹೋಗುವ ಬೀಸುವ ಹಾಡಿನಂತಹ ಧಾಟಿಯಲ್ಲಿ ಒಂದು ರಾಗದ ಬೀಜವಿರುತ್ತದೆಂದು ಅವರಿಗೆ ಹೊಳೆಯಿತು. ಶಾಸ್ತ್ರೀಯ ಸಂಗೀತದ ದೊಡ್ಡವರು ಹಳ್ಳಿಯ ಹಾಡನ್ನು ಅಂಗಳದಲ್ಲಿಯೇ ನಿಲ್ಲಿಸಿ ಮಾತನಾಡಿಸುತ್ತಿದ್ದ ಕಾಲವದು. ಹಾಸಿಗೆ ಹಿಡಿಯದೆ ಇದ್ದಿದ್ದರೆ, ಕಛೇರಿಯಿಂದ ಕಛೇರಿಗೆ ಓಡುತ್ತಿದ್ದ ಆ ತರುಣನೂ ಅದನ್ನು ಹಾಗೆಯೇ ದಾಟಿ ಹೋಗುತ್ತಿದ್ದನೋ ಏನೋ.

ಆ ಹಾಡುಗಳೇ ಅವರನ್ನು ಬದುಕಿಸಿದವೆಂದು ಹಲವರು ಭಾವುಕರಾಗಿ ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. 1952ರ ಸುಮಾರಿಗೆ ಸ್ಟ್ರೆಪ್ಟೊಮೈಸಿನ್ ದೊರೆಯಿತು, ಭಾನುಮತಿಯವರ ಆರೈಕೆ ಜೊತೆಗಿತ್ತು, ಅವರು ಬದುಕಿದರು. ಆದರೆ ಔಷಧವು ಅವರ ಕೈಗೆ ತಿರುಗಿ ಕೊಟ್ಟದ್ದು ಹಳೆಯ ಕಂಠವನ್ನಲ್ಲ. ಒಂದು ಶ್ವಾಸಕೋಶ ನಿರುಪಯೋಗಿಯಾಗಿತ್ತು. ದೀರ್ಘವಾದ ಆಲಾಪಕ್ಕೆ ಉಸಿರಿರಲಿಲ್ಲ. ಹೊಸದೊಂದು ಹಾಡುಗಾರಿಕೆ ಬೇಕಿತ್ತು. ಅದರ ಸಾಮಗ್ರಿ ಆ ಮೌನದ ವರ್ಷಗಳಲ್ಲಿ ಸಿದ್ಧವಾಗಿತ್ತು.

1953ರಲ್ಲಿ ಮತ್ತೆ ಸಭೆಯೆದುರು ಕುಳಿತರು. ಚಿಕ್ಕ ಚಿಕ್ಕ ಸ್ವರಪುಂಜ, ಥಟ್ಟನೆ ಮೇಲಕ್ಕೆ ಚಿಮ್ಮುವ ದನಿ, ನಡುವೆ ಮೌನ. ಘರಾಣೆಯ ಕಟ್ಟಿಗೆ ಒಗ್ಗಿದ ರಸಿಕರಲ್ಲಿ ಕೆಲವರು ಮುಖ ಕಿವಿಚಿದರು. ಅವರು ಜಗ್ಗಲಿಲ್ಲ. ಮಾಲವತಿ, ಲಗನಗಾಂಧಾರ, ಸಂಜಾರಿ ಮೊದಲಾದ ರಾಗಗಳು ಜಾನಪದ ಧಾಟಿಗಳಿಂದ ಮೂಡಿದವು. ಅವರು ಕಟ್ಟಿದ ರಾಗ, ಬಂದಿಶುಗಳು 1965ರಲ್ಲಿ ಅನೂಪರಾಗವಿಲಾಸವೆಂಬ ಗ್ರಂಥವಾಗಿ ಬಂದವು. ಬೀದಿಯ ಜೋಗಿಗಳಿಂದ ಕೇಳಿದ ಕಬೀರನ ಪದಗಳನ್ನು ಅವರು ಸಭೆಯಲ್ಲಿ ಹಾಡಿದ ಬಗೆ ಇಂದು ಎಲ್ಲರಿಗೂ ಪರಿಚಿತ. 1990ರಲ್ಲಿ ಪದ್ಮವಿಭೂಷಣ ಬಂದಿತು. 1992ರ ಜನವರಿ 12ರಂದು ದೇವಾಸದಲ್ಲಿಯೇ ತೀರಿಕೊಂಡರು.

ಭಾನುಮತಿಯವರು ಅಷ್ಟು ಕಾಲ ಉಳಿಯಲಿಲ್ಲ. ಪತಿಯನ್ನು ಸಾವಿನ ದವಡೆಯಿಂದ ಎಳೆದುತಂದ ಅವರು 1961ರಲ್ಲಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡರು. ಅನಂತರ ಕುಮಾರರು ವಸುಂಧರಾ ಅವರನ್ನು ವಿವಾಹವಾದರು. ಅವರೂ ಗಾಯಕಿ, ಎಷ್ಟೋ ಕಛೇರಿಗಳಲ್ಲಿ ಜೊತೆಗೆ ಹಾಡಿದವರು. ದೇವಾಸದ ಆ ಮನೆಯ ಹೆಸರು ಭಾನುಕುಲ.