ಸರ್ ಶೇಷಾದ್ರಿ ಅಯ್ಯರವರೂ ಹಳ್ಳಿಯ ಬೆಳಕೂ

ನಾಡಿನ ಹಿರಿಯರನ್ನು ಸ್ಮರಿಸುವಾಗ ಅವರು ನೆರವೇರಿಸಿದ ಕಾರ್ಯವನ್ನೂ, ನಮ್ಮ ಪಾಲಿಗೆ ಉಳಿಸಿಹೋದ ಕಾರ್ಯವನ್ನೂ ಒಟ್ಟಿಗೆ ಎಣಿಸುವುದು ನ್ಯಾಯ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರು ದಿವಂಗತ ಸರ್ ಕೆ. ಶೇಷಾದ್ರಿ ಅಯ್ಯರವರ ಚರಿತ್ರೆಯನ್ನು ಈ ದೃಷ್ಟಿಯಿಂದಲೇ ಮನನ ಮಾಡಬೇಕೆಂದು ನಾವು ಬಯಸುತ್ತೇವೆ.

ಪಾಲಕ್ಕಾಡು ಸೀಮೆಯಲ್ಲಿ 1845ರಲ್ಲಿ ಜನಿಸಿದ ಇವರು 1868ರಲ್ಲಿ ಮೈಸೂರಿನ ಸೇವೆಗೆ ಬಂದರು. ಮೊದಲು ದೊರೆತುದು ಅಷ್ಟಗ್ರಾಮ ವಿಭಾಗದ ಕಚೇರಿಯಲ್ಲಿ ನ್ಯಾಯಶಾಖೆಯ ಕೆಲಸ. 1883ರಲ್ಲಿ ರಂಗಾಚಾರ್ಲುರವರು ಕಾಲವಾಗಲು, ಚಾಮರಾಜೇಂದ್ರ ಒಡೆಯರವರು ದಿವಾನಗಿರಿಯನ್ನು ಇವರಿಗೆ ವಹಿಸಿದರು. ಹದಿನೆಂಟು ವರ್ಷಗಳ ಆಡಳಿತದಲ್ಲಿ ರೈಲುದಾರಿಗಳು ಬೆಳೆದುವು. ಮಾರಿಕಣಿವೆಯ ಕಟ್ಟೆಗೆ 1898ರಲ್ಲಿ ಕೆಲಸ ಮೊದಲಾಯಿತು.

ಇವೆಲ್ಲಕ್ಕೂ ಮಿಗಿಲಾದುದು ಶಿವನಸಮುದ್ರದ ವಿದ್ಯುದ್ಯೋಜನೆ. ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯಂತ್ರಗಳಿಗೆ ಸೌದೆ, ಕಲ್ಲಿದ್ದಲುಗಳು ಸುರಿಯುತ್ತಿದ್ದ ಕಾಲವದು. ಬೀಳುವ ನೀರಿನಿಂದ ವಿದ್ಯುತ್ತನ್ನು ಪಡೆದು 92 ಮೈಲಿಗಳಾಚೆಗೆ ತಂತಿಯ ಮೇಲೆ ಸಾಗಿಸಬಹುದೆಂದು ಇಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್ ಎಂಬವರು ಸೂಚಿಸಿದರು. ಬಹುಜನರಿಗೆ ಹುಚ್ಚುಸಾಹಸವೆಂದು ತೋರಿದುದನ್ನು ದಿವಾನರು ಕೈಗೆತ್ತಿಕೊಂಡರು. ಆದರೆ 1901ರ ಸೆಪ್ಟೆಂಬರಿನಲ್ಲಿ ಅವರು ದೈವಾಧೀನರಾದರು. ಯಂತ್ರಗಳು ತಿರುಗಿದುದು 1902ರ ಜೂನ್ 30ರಂದು. ನೆಟ್ಟವರು ಫಲವನ್ನು ಕಾಣಲಿಲ್ಲ.

ಫಲವು ಯಾರಿಗೆ ಸಂದಿತು? ಮೊದಲು ಪರದೇಶದ ಬಂಡವಾಳದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ. ಬೇಸಗೆಯಲ್ಲಿ ನದಿ ಬಡವಾಗಿ ವಿದ್ಯುತ್ತು ಕುಂದುತ್ತಿರಲು, 1911ರಲ್ಲಿ ಕನ್ನಂಬಾಡಿಯ ಕಟ್ಟೆ ಮೊದಲಾಯಿತು. ನೀರಿನಡಿಯಲ್ಲಿ ಹಳ್ಳಿಗಳು ಮುಳುಗಿದುವು. ಕಾವೇರಿ, ಹೇಮಾವತಿಗಳ ದಡದಲ್ಲಿಯೇ ಬಾಳಿದ ರೈತನ ಮನೆಯಲ್ಲಿ ಮಾತ್ರ ದಶಕಗಳವರೆಗೆ ಎಣ್ಣೆಯ ದೀಪವೇ ಉರಿಯಿತು. ಇದಕ್ಕಾಗಿ ನಾವು ಅಯ್ಯರವರನ್ನು ದೂರುವುದಿಲ್ಲ. ಬೆಲೆ ಕೊಟ್ಟು ಕೊಳ್ಳುವ ಗಣಿಗಳಿಲ್ಲದಿದ್ದರೆ ಅಷ್ಟು ದೊಡ್ಡ ವೆಚ್ಚವನ್ನು ಸಂಸ್ಥಾನವು ಹೊರುವುದು ಕಷ್ಟವಾಗುತ್ತಿತ್ತು. ಆದರೆ ಸರದಿಯಲ್ಲಿ ಹಳ್ಳಿಯು ಕಡೆಯದಾಯಿತೆಂಬುದನ್ನು ಮರೆಯಲಾಗದು.

ಈಗ ಬಿಸಿಲಿನ ವಿದ್ಯುತ್ತಿನ ಕಾಲ ಬಂದಿದೆ. ಹೊಲದ ಪಂಪಿಗೆ ಸೌರಫಲಕವನ್ನು ಒದಗಿಸುವ ಕೇಂದ್ರದ ಯೋಜನೆಯು 2019ರಲ್ಲಿ ಹೊರಟಿತು. ನದಿಯು ನಾಗಮಂಗಲದ ಮೆಟ್ಟಿಲಿಗೆ ಬಾರದಿದ್ದರೂ ಸೂರ್ಯನು ಬರುತ್ತಾನೆ. ಬಿಸಿಲು ಪುಕ್ಕಟೆಯೆಂದು ಕೊಳವೆಬಾವಿಯ ನೀರನ್ನು ಬರಿದುಮಾಡುವ ಅವಿವೇಕವು ಬೇಡ. ಮಿಕ್ಕ ವಿದ್ಯುತ್ತನ್ನು ಮಾರಿ ರೈತನು ನಾಲ್ಕು ಕಾಸು ಕಾಣುವಂತಾಗಲಿ. ನೆಲವನ್ನು ಕೊಟ್ಟವನ ಮನೆಗೇ ಬೆಳಕು ಮೊದಲು ಸಲ್ಲಲಿ.

ಕಬ್ಬನ್ ಉದ್ಯಾನದಲ್ಲಿ ಅಯ್ಯರವರ ಪ್ರತಿಮೆಯು ನಿಂತಿದೆ. ಅವರ ಧೈರ್ಯಕ್ಕೆ ಸಲ್ಲತಕ್ಕ ಪೂರ್ಣ ಗೌರವವು ಕಲ್ಲಿನಲ್ಲಿಲ್ಲ, ಕಡೆಯ ಗುಡಿಸಲಿನ ದೀಪದಲ್ಲಿದೆ ಎಂದು ನಾವು ನಂಬುತ್ತೇವೆ.